ಎರಡು ಕಣಜ

ಬಸಕ್ಕ ಅವರೊಡನೆ ಮೊದಲ ಮಾತುಕತೆ ಮೂರು ಸಲ ಮುಂದಕ್ಕೆ ಹೋಯಿತು. ಅವರಿಗೆ ಸ್ವಂತ ಫೋನಿಲ್ಲ. ಗಂಡ ಯಮನಪ್ಪನವರು ಮಾಕಳಿಯ ಗೋದಾಮೊಂದರಲ್ಲಿ ಲಾರಿಗೆ ಸರಕು ತುಂಬುತ್ತಾರೆ. ಮನೆಯ ಒಂದೇ ಫೋನು ಹಗಲೆಲ್ಲ ಅವರ ಜೇಬಿನಲ್ಲಿರುತ್ತದೆ. ಆದ್ದರಿಂದ ಏರ್ಪಾಡೆಲ್ಲ ಶಿವಾನಿಯವರ ಮೂಲಕ ನಡೆಯಿತು. ಶಿವಾನಿ ಕೀಟಶಾಸ್ತ್ರ ಓದಿದವರು, ದಾವಣಗೆರೆಯ ಕಡೆಯವರು, ನಾಗಸಂದ್ರದ ಅಪಾರ್ಟ್‌ಮೆಂಟೊಂದರಲ್ಲಿ ತಂದೆತಾಯಿಯ ಜೊತೆ ವಾಸವಾಗಿದ್ದಾರೆ. ಬಸಕ್ಕ ದುಡಿಯುತ್ತಿದ್ದ, ಪೀಣ್ಯದ ಕೀಟ ಸಾಕುವ ಘಟಕದಲ್ಲಿ ೨೦೨೩ರ ಆರಂಭದಿಂದ ಗುಣಮಟ್ಟದ ಹೊಣೆ ಅವರದು. ಜೋಳ ಬೆಳೆಯುವ ಜಿಲ್ಲೆಗಳಿಂದ ಬಂದು ಪೀಣ್ಯದ ಶೆಡ್ಡುಗಳಲ್ಲಿ ಕೆಲಸಕ್ಕಿರುವ ಹೆಂಗಸರ ಬದುಕನ್ನು ಅವರ ಮಾತಿನಲ್ಲೇ ದಾಖಲಿಸುತ್ತಿದ್ದೇನೆಂದು ತಿಳಿದು, ಬಸಕ್ಕನವರ ಹೆಸರನ್ನು ಶಿವಾನಿಯೇ ಸೂಚಿಸಿದ್ದರು.

ಮೊದಲ ಭಾನುವಾರ ಬಸಕ್ಕನವರಿಗೆ ಕೆಮ್ಮು ಹೆಚ್ಚಾಗಿತ್ತು. ಎರಡನೆಯ ಭಾನುವಾರ ಘಟಕದಲ್ಲಿ ಪತಂಗಗಳು ಒಮ್ಮೆಲೇ ಹೊರಬಿದ್ದವು. ಅವುಗಳಿಗೆ ವಾರದ ರಜೆ ತಿಳಿಯದು, ಎಲ್ಲರನ್ನೂ ಕರೆಸಿಕೊಂಡರು. ಮೂರನೆಯದು ಯಾಕೆ ತಪ್ಪಿತೆಂದು ಹೇಳಿ ಕಳುಹಿಸಲಿಲ್ಲ. ಕೊನೆಗೆ ೨೦೨೪ರ ನವೆಂಬರ್ ೧೭ರ ಬೆಳಿಗ್ಗೆ ಹತ್ತಕ್ಕೆ, ನಾಗಸಂದ್ರ ಮೆಟ್ರೊ ನಿಲ್ದಾಣದ ಕೆಳಗಿನ ಕಲ್ಲುಬೆಂಚಿನಲ್ಲಿ ಕೂರುವುದೆಂದಾಯಿತು. ಜಾಗವನ್ನು ಆರಿಸಿದವರು ಬಸಕ್ಕನವರೇ. ಅಲ್ಲಿ ಗಾಳಿ ಆಡುತ್ತದೆ, ಮೇಲೆ ರೈಲು ಬಂದಾಗ ಸುಮ್ಮನಿರಬಹುದು ಎಂಬುದು ಅವರ ಕಾರಣ.

ನನ್ನ ಒಪ್ಪಿಗೆ ಪತ್ರದಲ್ಲಿ, ಕೇಳಿಕೊಂಡರೆ ಹೆಸರು ಬದಲಿಸಲಾಗುವುದು ಎಂಬ ಸಾಲೊಂದಿದೆ. ಅದುವರೆಗೆ ಮಾತನಾಡಿದ್ದ ಮೂವತ್ತೆಂಟು ಮಂದಿಯಲ್ಲಿ ಮೂವತ್ತೊಂದು ಮಂದಿ ಹಾಗೆ ಕೇಳಿಕೊಂಡಿದ್ದರು. ಪತ್ರವನ್ನು ಓದಿ ಹೇಳಿದಾಗ ಬಸಕ್ಕ ಆ ಸಾಲಿನಲ್ಲಿಯೇ ತಡೆದರು.

"ಬದಲಿ ಹೆಸರ ಬ್ಯಾಡ್ರಿ ಮೇಡಂ. ಬಸಕ್ಕ ಅಂತನ ಬರೀರಿ. ಹನುಮೇಶಂದು ಖರೇ ಹೆಸರ ಪುಸ್ತಕದಾಗ ಐತಿ. ನಂದೂ ಇರ್ಲಿ."

ಹನುಮೇಶ ಎಂಬವರು ಘಟಕದಲ್ಲಿ ಬಸಕ್ಕನವರ ಜೊತೆ ಒಂದೇ ಕೋಣೆಯಲ್ಲಿ ಆರು ವರ್ಷ ಕೆಲಸ ಮಾಡಿದವರು. ೨೦೨೨ರಲ್ಲಿ ಒಂದು ದೊಡ್ಡ ಹಾನಿಯ ಹೊಣೆ ಹೊತ್ತು ಹೊರಹೋದವರು. ಆ ಹೊಣೆಯಲ್ಲಿ ತನ್ನ ಪಾಲಿದೆ, ಅದು ಬರಹದಲ್ಲಿ ಇರಬೇಕು, ಹನುಮೇಶನ ಕಿವಿಗೆ ಬೀಳಬೇಕು: ಬಸಕ್ಕ ಮಾತಿಗೆ ಒಪ್ಪಿದ್ದು ಇದೊಂದಕ್ಕಾಗಿ. ಅಷ್ಟನ್ನು ಮೊದಲ ದಿನವೇ ಹೇಳಿದರು. ಏನು ನಡೆಯಿತೆಂಬುದನ್ನು ಹೇಳಲು ಅವರಿಗೆ ಇನ್ನೆರಡು ಭಾನುವಾರ ಬೇಕಾದವು.

ಬಸಕ್ಕನವರ ಊರು ಲಿಂಗಸುಗೂರು ತಾಲೂಕಿನದು. ವಯಸ್ಸು ನಲವತ್ತಾರು ಇರಬಹುದು ಎನ್ನುತ್ತಾರೆ. ನಾಲ್ಕನೆಯ ತರಗತಿಯವರೆಗೆ ಶಾಲೆ. ಯಮನಪ್ಪನವರ ಜೊತೆ ಬೆಂಗಳೂರಿಗೆ ಬಂದಾಗ ಮೊದಲು ಕಟ್ಟಡದ ಕೆಲಸ, ಆಮೇಲೆ ಒಂದು ವರ್ಷ ಪ್ಲಾಸ್ಟಿಕ್ ಮುಚ್ಚಳದ ಕಾರ್ಖಾನೆ. ೨೦೧೩ರಲ್ಲಿ ಈ ಘಟಕಕ್ಕೆ ಸೇರಿದರು. ಘಟಕದ ಹೆಸರನ್ನು ಇಲ್ಲಿ ಕೊಡುತ್ತಿಲ್ಲ.

ಅಲ್ಲಿ ತಯಾರಾಗುವುದು ಅಂಗೈಯಗಲದ ರಟ್ಟಿನ ಕಾರ್ಡು. ಅದರ ಮೇಲೆ ಗಸಗಸೆಗಿಂತ ಸಣ್ಣ ಮೊಟ್ಟೆಗಳನ್ನು ಅಂಟಿಸಿರುತ್ತಾರೆ. ಅವು ಒಂದು ಬಗೆಯ ಬೂದು ಪತಂಗದ ಮೊಟ್ಟೆಗಳು. ಆದರೆ ಒಳಗೆ ಬೆಳೆಯುತ್ತಿರುವುದು ಪತಂಗವಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕೀಟವೊಂದು ಆ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಟ್ಟು, ಪತಂಗದ ಪಾಲಿನ ಅನ್ನವನ್ನು ತಿಂದು ಹೊರಬರುತ್ತದೆ. ಕಬ್ಬು, ಟೊಮೆಟೊ ಬೆಳೆಯುವವರು ಕಾರ್ಡನ್ನು ಎಲೆಯ ಅಡಿಗೆ ಸಿಕ್ಕಿಸಿದರೆ, ಹೊರಬಂದ ಕೀಟಗಳು ಹೊಲದ ಪೀಡೆಯ ಮೊಟ್ಟೆಗಳಿಗೂ ಅದನ್ನೇ ಮಾಡುತ್ತವೆ. ಈ ಕೀಟ ಬೇಕೆಂದರೆ ಪತಂಗದ ಮೊಟ್ಟೆ ಬೇಕು, ಮೊಟ್ಟೆಗೆ ಪತಂಗ, ಪತಂಗಕ್ಕೆ ಹುಳ, ಹುಳಕ್ಕೆ ಜೋಳ. ಬಸಕ್ಕನವರ ಜಾಗ ಈ ಸಾಲಿನ ಬುಡದಲ್ಲಿ, ಜೋಳದ ಹತ್ತಿರ.

ಜೋಳವನ್ನು ಒಂದಕ್ಕೆ ಮೂರು ಚೂರಾಗುವಂತೆ ಒಡೆಸಿ, ಓವನ್ನಿನಲ್ಲಿ ಕಾಯಿಸಿ, ಆರಿಸಿ, ಬೇಸಿನ್ನಿಗೆ ಎರಡೂವರೆ ಕಿಲೋದಂತೆ ಹಾಕಬೇಕು. ಶೇಂಗಾ ಪುಡಿ, ಈಸ್ಟು, ಚಿಟಿಕೆ ಗಂಧಕ ಬೆರೆಸಬೇಕು. ಮೇಲೆ ಪತಂಗದ ಮೊಟ್ಟೆ ಉದುರಿಸಿ ಬಟ್ಟೆ ಕಟ್ಟಿದರೆ ನಲವತ್ತು ದಿನಕ್ಕೆ ಪತಂಗ ಹೊರಬೀಳುತ್ತವೆ. ಕೆಲಸಕ್ಕೆ ಸೇರಿದ ಮೊದಲ ವಾರ ಬಸಕ್ಕನವರಿಗೆ ಕೈ ಬರಲಿಲ್ಲವಂತೆ.

"ಹುಳ ಬಿದ್ದ ಜೋಳ ನಮ್ಮವ್ವ ಬೀಸಾಕ ಬಿಡ್ತಿರ್ಲಿಲ್ರಿ. ಇಲ್ಲಿ ನೋಡಿದ್ರ ಹುಳ ಬೀಳ್ಲಿ ಅಂತ ಜೋಳ ಹಾಕ್ತಾರ. ಅದೂ ಎಂಥಾ ಜೋಳ, ಮುತ್ತಿನಂಥಾದ್ದು."

ಮಾಕಳಿಯ ಅವರ ಕೋಣೆಯಲ್ಲಿ ವಾರದ ಆರು ದಿನ ರೇಷನ್ ಅಕ್ಕಿಯ ಅನ್ನ, ಭಾನುವಾರ ಮಾತ್ರ ರೊಟ್ಟಿ. ಕೋಣೆಯ ಮಾಲೀಕ ರಾಮಯ್ಯನವರು ಮಾಕಳಿಯವರೇ. ಬಸಕ್ಕನವರ ಕೆಲಸ ಏನೆಂದು ತಿಳಿದ ದಿನದಿಂದ ಅವರು ಗೇಟಿನಲ್ಲಿ ಕಂಡಾಗಲೆಲ್ಲ ಕೇಳುತ್ತಿದ್ದರಂತೆ: "ಅಲ್ಲ ಕಣಮ್ಮ, ಊರೋರೆಲ್ಲ ಹುಳ ಸಾಯ್ಸಕ್ಕೆ ಔಸ್ದಿ ತತ್ತಾರೆ, ನೀನು ಅವ್ಕೆ ಊಟ ಆಕಕ್ಕೆ ಓಯ್ತೀಯಾ?" ಬಸಕ್ಕ ಇದನ್ನು ರಾಮಯ್ಯನವರ ದನಿಯಲ್ಲೇ ಹೇಳಿ ನಕ್ಕರು. ನಗು ಕೆಮ್ಮಾಯಿತು. ಧ್ವನಿಮುದ್ರಣದಲ್ಲಿ ಆ ಕೆಮ್ಮು ಒಂದು ನಿಮಿಷ ಹತ್ತು ಸೆಕೆಂಡು ಇದೆ.

ಕೆಮ್ಮಿನ ಮೂಲವೂ ಆ ಕೆಲಸವೇ. ಪತಂಗದ ರೆಕ್ಕೆಯಿಂದ ಬೂದು ಪುಡಿ ಉದುರುತ್ತದೆ. ಮೊಟ್ಟೆಯನ್ನು ಜರಡಿ ಹಿಡಿದು ಶುದ್ಧ ಮಾಡುವಾಗ ಅದು ಕೋಣೆಯಲ್ಲಿ ಮಂಜಿನಂತೆ ನಿಲ್ಲುತ್ತದೆ. ಮುಖಕ್ಕೆ ಬಟ್ಟೆಯ ಮಾಸ್ಕ್ ಕೊಡುತ್ತಾರೆ. ನಾಲ್ಕನೆಯ ವರ್ಷದಿಂದ ಬಸಕ್ಕನವರಿಗೆ ಮೆಟ್ಟಿಲು ಹತ್ತುವಾಗ ದಮ್ಮು. ಏಳನೆಯ ವರ್ಷದಿಂದ ಕೂತಲ್ಲಿಯೂ.

ಹನುಮೇಶ ದೇವದುರ್ಗದ ಕಡೆಯವರು, ಬಸಕ್ಕನವರಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು. ಎಸ್ಸೆಸ್ಸೆಲ್ಸಿಯವರೆಗೆ ಓದಿದ್ದರಿಂದ ಬೇಸಿನ್ ಪುಸ್ತಕ ಬರೆಯುವುದು ಅವರ ಪಾಲಿಗೆ ಬಂದಿತ್ತು. ಯಾವ ಬೇಸಿನ್ನಿಗೆ ಯಾವ ದಿನ ಮೊಟ್ಟೆ ಹಾಕಿದರು, ವಾರಕ್ಕೊಮ್ಮೆ ಆರಿಸಿ ತೂಗಿದ ಹತ್ತು ಹುಳದ ತೂಕವೆಷ್ಟು, ಪತಂಗ ಯಾವತ್ತು ಹೊರಬಿತ್ತು, ಎಲ್ಲವೂ ಅದರಲ್ಲಿ ಇರುತ್ತಿತ್ತು. ಇಬ್ಬರ ಮಾತೂ ಒಂದೇ ಸೀಮೆಯದಾಗಿ ಕೋಣೆಯಲ್ಲಿ ಸಲಿಗೆಯಿತ್ತು. ತೂಗುವಾಗ ಹನುಮೇಶ ಹುಳವನ್ನು ಬೆಳಕಿಗೆ ಹಿಡಿದು, "ಯಕ್ಕಾ, ನಿನ್ನ ಮಕ್ಕಳಿಗೆ ಶೇಂಗಾ ಹಿಟ್ಟು, ಈಸ್ಟು, ಏನ್ ಉಪಚಾರ. ನಮಗ ಮೆಸ್ಸಿನ್ಯಾಗ ಬರೇ ನೀರಸಾರು. ಮುಂದಿನ ಜನ್ಮಕ್ಕ ಇದ ಬೇಸಿನ್ನಾಗ ಹುಟ್ತೀನಿ ನೋಡು" ಎನ್ನುತ್ತಿದ್ದರು. "ಹುಟ್ಟು, ನಾನ ಜರಡಿ ಹಿಡದು ಒಗಿತೀನಿ" ಎಂಬುದು ಬಸಕ್ಕನವರ ಉತ್ತರ.

೨೦೨೨ರ ಆಗಸ್ಟಿನಲ್ಲಿ ಓವನ್ನಿನ ಕಾಯಿಲ್ ಸುಟ್ಟುಹೋಯಿತು. ಹೊಸದು ಬರಲು ಹತ್ತೊಂಬತ್ತು ದಿನ ಹಿಡಿಯಿತು. ಎಂದೂ ಘಟಕದಲ್ಲಿ ಜೋಳ ನಿಲ್ಲುತ್ತಿರಲಿಲ್ಲ. ಬಂದ ವಾರವೇ ಒಡೆದು, ಕಾಯಿಸಿ, ಬೇಸಿನ್ನಿಗೆ ಹೋಗುತ್ತಿತ್ತು. ಈ ಸಲ ಒಡೆದ ಜೋಳ ಹದಿನಾಲ್ಕು ಡ್ರಮ್ಮುಗಳಲ್ಲಿ ಕಾದು ಕುಳಿತಿತು. ಹೊರಗೆ ಬಿಡದ ಮಳೆ. ಮೂರನೆಯ ದಿನ ಡ್ರಮ್ಮಿನ ಮುಚ್ಚಳ ತೆಗೆದಾಗ ಬಸಕ್ಕನವರಿಗೆ ಸಣ್ಣಗೆ ಮುಗ್ಗಲು ವಾಸನೆ ಬಂತು. ಪಕ್ಕದ ಕಾರ್ಖಾನೆಯ ಕಾಂಪೌಂಡಿನಲ್ಲೊಂದು ಬೇವಿನ ಮರವಿದೆ. ಅದರ ಕೊಂಬೆ ಈಚೆಗೆ ಬಾಗಿದೆ. ಅವರು ಎಲೆ ತರಿದು, ಓವನ್ ಕೆಟ್ಟು ನಿಂತಿದ್ದ ಕೋಣೆಯ ಜಗಲಿಯಲ್ಲಿ ಎರಡು ದಿನ ಒಣಗಿಸಿ, ಒಂದೊಂದು ಡ್ರಮ್ಮಿಗೂ ಒಂದು ಪದರ ಜೋಳ, ಒಂದು ಪದರ ಎಲೆ ಎಂದು ತುಂಬಿದರು.

"ಯೋಚನಿ ಮಾಡಿ ಹಾಕಿಲ್ರಿ ಮೇಡಂ. ಜೋಳ ಇಡೂದಂದ್ರ ಬೇವಿನೆಲಿ. ನಮ್ಮವ್ವ ಹಂಗ ಇಡ್ತಿದ್ಲು, ಅತ್ತಿ ಹಂಗ ಇಡ್ತಿದ್ಲು. ಕೈ ತಾನ ಹಾಕ್ತು. ಹುಳ ಬೀಳಬಾರ್ದು ಅಂತ ಹಾಕಿದ್ನಿ. ಹುಳಕ್ಕ ಅಂತನ ತಂದ ಜೋಳ ಅದು ಅನ್ನೂದು ತಲ್ಯಾಗ ಬರ್ಲೇ ಇಲ್ಲ."

ಇದು ಮೂರನೆಯ ಮಾತುಕತೆಯ ಭಾಗ. ದಿನಾಂಕ ೨೦೨೪ರ ಡಿಸೆಂಬರ್ ೧೫.

ಹೊಸ ಕಾಯಿಲ್ ಬಂದಾಗ ಎಲೆಯನ್ನು ಅವರೇ ಆರಿಸಿ ತೆಗೆದರು. ಆದರೆ ಒಣ ಬೇವಿನೆಲೆ ಪುಡಿಯಾಗುತ್ತದೆ. ಜೋಳದ ಚೂರು, ಎಲೆಯ ಚೂರು ಒಟ್ಟಿಗೆ ಬೇಸಿನ್ನಿಗೆ ಹೋದವು. ಇನ್ನೂರನಲವತ್ತು ಬೇಸಿನ್ನಿಗೂ ಅದೇ ಜೋಳ.

ಸೆಪ್ಟೆಂಬರ್ ನಡುವಿಗೆ ಹುಳಗಳು ಎಂದಿನಂತೆ ಇರಲಿಲ್ಲ. ಬೇಸಿನ್ ಪುಸ್ತಕದ ಆ ವಾರಗಳ ಪುಟಗಳನ್ನು ಶಿವಾನಿಯವರ ಸಮ್ಮುಖದಲ್ಲಿ ನಾನು ನೋಡಿದ್ದೇನೆ. ಹನುಮೇಶ ಅವರ ಅಕ್ಷರ ದುಂಡಗೆ, ಸ್ವಲ್ಪ ಎಡಕ್ಕೆ ವಾಲಿದೆ. ಸೆಪ್ಟೆಂಬರ್ ೧೪ಕ್ಕೆ ಹತ್ತು ಹುಳದ ತೂಕ ಎಂದಿನದರ ಮುಕ್ಕಾಲು. ೨೧ಕ್ಕೆ ಅರ್ಧಕ್ಕಿಂತ ಕೊಂಚ ಹೆಚ್ಚು. ಪಕ್ಕದಲ್ಲಿ "ಸಣ್ಣ ಇವೆ, ಯಾಕೆ?" ಎಂದು ಪೆನ್ಸಿಲಿನಲ್ಲಿ ಬರೆದಿದ್ದಾರೆ. ಆ ಪ್ರಶ್ನೆಯನ್ನು ಯಾರೂ ಓದಿದಂತಿಲ್ಲ. ಬಸಕ್ಕನವರಿಗೆ ಉತ್ತರ ಸಿಕ್ಕಿದ್ದು ಅದೇ ವಾರ. ಹುಳ ನೇಯ್ದ ಬಲೆಯಲ್ಲಿ ಹಸಿರುಗಪ್ಪು ಚೂರುಗಳು ಸಿಕ್ಕಿಕೊಂಡಿದ್ದನ್ನು ಕಂಡು ಬೆರಳಿಗೆ ಹತ್ತಿಸಿ ನಾಲಗೆಗೆ ಮುಟ್ಟಿಸಿದರು. ಕಹಿ. ತಡವಾದರೂ ಬೆಳೆಯುತ್ತವೆ, ಹತ್ತು ದಿನ ಹೆಚ್ಚು ಹಿಡಿಯಬಹುದು ಎಂದು ತಮಗೆ ತಾವೇ ಹೇಳಿಕೊಂಡು, ಕೈಗೆ ಸಿಕ್ಕಷ್ಟು ಚೂರನ್ನು ಹೆಕ್ಕಿ ಹಾಕಿ ಸುಮ್ಮನಾದರು.

ಹುಳದ ಕೋಣೆಗೆ ಎರಡು ಬಾಗಿಲು: ಹೊರಗೆ ತಗಡಿನದು, ಒಳಗೆ ಸಣ್ಣ ಕಣ್ಣಿನ ಜಾಲರಿಯದು. ಜಾಲರಿ ಬಾಗಿಲನ್ನು ಒಂದು ಕ್ಷಣವೂ ತೆರೆದಿಡಬಾರದೆಂಬ ನಿಯಮ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದಿದೆ. ಅಕ್ಟೋಬರ್ ಮೊದಲ ವಾರ ಬಸಕ್ಕನವರಿಗೆ ದಮ್ಮು ವಿಪರೀತವಾಯಿತು. ಚಹಾದ ಹೊತ್ತಿನಲ್ಲಿ ಹನುಮೇಶ ಎರಡು ಬಾಗಿಲಿಗೂ ಇಟ್ಟಿಗೆ ಕೊಟ್ಟು ತೆರೆದಿಟ್ಟು, ಅವರನ್ನು ಹೊಸ್ತಿಲ ಮೇಲೆ ಕೂರಿಸುತ್ತಿದ್ದರು. ಹದಿನೈದು ಇಪ್ಪತ್ತು ನಿಮಿಷ. ಹೀಗೆ ಐದೋ ಆರೋ ದಿನ.

ಆ ಬಾಗಿಲಿನಿಂದ ಬಂದದ್ದು ಇನ್ನೊಂದು ಕೀಟ. ಕಾರ್ಡಿನಲ್ಲಿ ಬೆಳೆಸುವ ಕೀಟದ ದೂರದ ನೆಂಟ. ಆದರೆ ಇದರ ಕಣ್ಣು ಮೊಟ್ಟೆಯ ಮೇಲಲ್ಲ, ಬೆಳೆದ ಹುಳದ ಮೇಲೆ. ಕಟ್ಟಿದ ಬಟ್ಟೆಯ ಸಂದಿನಲ್ಲಿ ನುಸುಳಿ ಹುಳಕ್ಕೆ ಮುಳ್ಳು ಚುಚ್ಚುತ್ತದೆ. ಹುಳ ಸಾಯುವುದಿಲ್ಲ, ಅಲುಗುವುದೂ ಇಲ್ಲ. ಮೈಮೇಲೆ ಇಟ್ಟ ಮೊಟ್ಟೆ ಒಡೆದು ಮರಿಗಳು ಅದನ್ನು ಹೊರಗಿನಿಂದ ಹೀರುತ್ತವೆ. ಕೆಲಸದವರು ಅದನ್ನು ಇರುವಿನೊಣ ಎನ್ನುತ್ತಿದ್ದರು. ರೆಕ್ಕೆ ಬಂದ ಇರುವೆಯ ಹಾಗೆ ಕಾಣುತ್ತದೆಂದು ಆ ಹೆಸರು. ಅಕ್ಟೋಬರ್ ೨೪ರ ಹೊತ್ತಿಗೆ ಇನ್ನೂರಹನ್ನೊಂದು ಬೇಸಿನ್ನುಗಳನ್ನು ಬಟ್ಟೆ ಸಮೇತ ಸುಡಬೇಕಾಯಿತು. ಆ ಹಂಗಾಮಿನ ಕಾರ್ಡು ಯಾವ ಹೊಲಕ್ಕೂ ಹೋಗಲಿಲ್ಲ.

೨೭ರ ಗುರುವಾರ ಘಟಕದ ವ್ಯವಸ್ಥಾಪಕ ವಿಶ್ವನಾಥ್ ಅವರು ಆರು ಜನ ಕೆಲಸದವರನ್ನು ಖಾಲಿ ಕೋಣೆಯಲ್ಲಿ ನಿಲ್ಲಿಸಿದರು. ರೈತರಿಗೆ ಹಂಚುವ ಕರಪತ್ರಗಳನ್ನು ಕನ್ನಡದಲ್ಲಿ ಬರೆಯುವವರು ಅವರೇ. ಆದ್ದರಿಂದ ಕೀಟಗಳ ಪುಸ್ತಕದ ಹೆಸರುಗಳು ಅವರ ಬಾಯಲ್ಲಿ ಸಲೀಸು. ಮುಂದೆ ನಡೆದದ್ದು ಒಂದು ಮಾತಿನ ಮೇಲೆ ನಿಂತಿದೆ. ಬಸಕ್ಕನವರು ಇದನ್ನು ಎರಡು ಭಾನುವಾರ ಎರಡು ಸಲ ಹೇಳಿದರು, ಎರಡೂ ಸಲ ಅದೇ ಮಾತುಗಳಲ್ಲಿ.

ವಿಶ್ವನಾಥ್ ಅವರು ಅಂದದ್ದು: "ಇದಾಗಿರೋದು ಕಣಜದಿಂದ. ನಂಗೆ ಗೊತ್ತಾಗಿದೆ. ಯಾರು ಅಂತ ಅವ್ರೇ ಹೇಳ್ಬಿಟ್ರೆ ಒಳ್ಳೇದು."

ಅವರು ಕಣಜ ಎಂದದ್ದು ಇರುವಿನೊಣವನ್ನು; ಚುಚ್ಚುವ ಅಂಥ ಕೀಟಕ್ಕೆ ಪುಸ್ತಕದ ಹೆಸರು ಅದು. ಬಸಕ್ಕನವರ ಊರಿನಲ್ಲಿ ಅದಕ್ಕೆ ಕಡಜ ಎನ್ನುತ್ತಾರೆ. ಕಣಜವೆಂದರೆ ಅವರಿಗೆ ಒಂದೇ: ಜೋಳ ತುಂಬಿಡುವ ಕಣಜ. ಸಾಹೇಬರಿಗೆ ಡ್ರಮ್ಮಿನ ಸಂಗತಿ, ಬೇವಿನೆಲೆಯ ಸಂಗತಿ ತಿಳಿದುಹೋಗಿದೆ ಎಂದುಕೊಂಡರು. ಒಂದು ಹೆಜ್ಜೆ ಮುಂದಿಟ್ಟರು. ತಪ್ಪಾಯಿತು ಎನ್ನಲು ಬಾಯಿ ತೆರೆದರು.

ಅಷ್ಟರಲ್ಲಿ ವಿಶ್ವನಾಥ್ ಅವರು, "ಜಾಲರಿ ಬಾಗ್ಲು ತೆಗೆದಿಟ್ಟೋರು ಯಾರು?" ಎಂದು ಮುಂದುವರಿಸಿದರು.

ಬಸಕ್ಕನವರು ಬಾಯಿ ಮುಚ್ಚಿಕೊಂಡರು. ಹಿಂದಿನಿಂದ ಹನುಮೇಶ ಅವರ ದನಿ ಬಂತು.

"ನಾನ ತೆಗದಿದ್ದೆ ಸರ್. ಒಳಗ ಸೆಕಿ ಭಾಳ ಇತ್ತು."

"ಸೆಕೆ ಆದ್ರೆ ನೂರಾರು ಬೇಸಿನ್ ಸಾಯ್ಸೋದೇನೋ?"

"ತಪ್ಪಾತ್ರಿ."

ದಮ್ಮಿನ ಮಾತನ್ನು ಹನುಮೇಶ ಎತ್ತಲಿಲ್ಲ. ಬಸಕ್ಕನವರ ಕಡೆ ನೋಡಲೂ ಇಲ್ಲ. ಮರುದಿನದಿಂದ ಅವರು ಬರಲಿಲ್ಲ. ಬೇಸಿನ್ ಪುಸ್ತಕದ ನೂರಹದಿನಾಲ್ಕನೆಯ ಪುಟದಲ್ಲಿ, ಹಾನಿಯ ಕಾರಣ ಎಂಬ ಕಡೆ, ವಿಶ್ವನಾಥ್ ಅವರ ಕೈಬರಹದ ಒಂದು ಸಾಲಿದೆ: "ಜಾಲರಿ ಬಾಗಿಲು ತೆರೆದಿಟ್ಟದ್ದು. ಹನುಮೇಶ." ಅದರ ಹಿಂದಿನ ನೂರಹದಿಮೂರು ಪುಟಗಳೂ ಹನುಮೇಶರ ಅಕ್ಷರದಲ್ಲಿವೆ. ಪೀಣ್ಯದ ಸುತ್ತ ಹುಳ ಸಾಕುವ ಘಟಕಗಳು ಮೂರೋ ನಾಲ್ಕೋ. ಆ ಸಾಲಿನ ಸುದ್ದಿ ಅವರಿಗಿಂತ ಮೊದಲೇ ಎಲ್ಲ ಕಡೆ ಹೋಯಿತು.

"ಒಂದು ಹೆಜ್ಜಿ ಇಟ್ಟಿದ್ನೆಲ್ರಿ, ಅದನ್ನ ಹಿಂದಕ್ಕ ತಗೊಂಡೆ" ಎಂದು ಬಸಕ್ಕನವರು ಹೇಳಿದರು. "ಅವ ನನ್ನ ಸಲುವಾಗಿ ಬಾಗಲಾ ತೆಗದಿದ್ದ."

ಅವರು ಕೆಲವು ತಿಂಗಳು ತಮ್ಮನ್ನು ತಾವು ಹೀಗೆ ಸಮಾಧಾನ ಮಾಡಿಕೊಂಡಿದ್ದರು: ಸುಟ್ಟ ಹುಳವೆಲ್ಲ ಇರುವಿನೊಣ ಹೀರಿದವು, ಬೇವು ಕೊಂದದ್ದು ಒಂದೂ ಇಲ್ಲ. ಆ ಸಮಾಧಾನ ಹೋದದ್ದು ಶಿವಾನಿಯವರು ಬಂದ ಮೇಲೆ. ಶಿವಾನಿ ಹಳೆಯ ಪುಸ್ತಕ ಓದಿ ಒಂದು ವಿಷಯವನ್ನು ಗಮನಿಸಿದರು: ಕೀಟ ಕಾಣಿಸಿಕೊಳ್ಳುವ ಮೂರು ವಾರ ಮೊದಲೇ ಹುಳಗಳ ತೂಕ ಬಿದ್ದಿದೆ. ಅನ್ನದಲ್ಲಿ ಏನೋ ಇತ್ತೆಂದು ಅವರ ಅನುಮಾನ. ಎಲ್ಲರನ್ನೂ ಕೇಳಿದರು. ಬಸಕ್ಕನವರು ಗೊತ್ತಿಲ್ಲವೆಂದರು. ಆಗ ಶಿವಾನಿ ಪ್ರತ್ಯೇಕ ಕೋಣೆಯೊಂದರಲ್ಲಿ ನಾಲ್ಕು ಹಲಗೆ ಬೇಸಿನ್ ಇಡಿಸಿದರು. ಮೊದಲನೆಯದಕ್ಕೆ ಒಳ್ಳೆಯ ಜೋಳ. ಎರಡನೆಯದಕ್ಕೆ ಹೊಟ್ಟು ಬೆರೆಸಿದ ಬಡ ಜೋಳ. ಮೂರನೆಯದಕ್ಕೆ ಒಳ್ಳೆಯ ಜೋಳದ ಜೊತೆ ಇರುವಿನೊಣ. ನಾಲ್ಕನೆಯದಕ್ಕೆ ಬಡ ಜೋಳ, ಇರುವಿನೊಣ ಎರಡೂ. ಜೋಳ ತುಂಬಿದವರು ಬಸಕ್ಕನವರೇ.

ನೂರು ಹುಳಕ್ಕೆ ಹೊರಬಂದ ಪತಂಗಗಳು ಮೊದಲ ಹಲಗೆಯಲ್ಲಿ ಎಂಬತ್ತನಾಲ್ಕು. ಎರಡನೆಯದರಲ್ಲಿ ಅರವತ್ತಾರು, ಸಣ್ಣವು, ಹನ್ನೊಂದು ದಿನ ತಡ, ಮೊಟ್ಟೆಯೂ ಕಡಿಮೆ. ಮೂರನೆಯದರಲ್ಲಿ ಐವತ್ತೊಂದು. ನಾಲ್ಕನೆಯದರಲ್ಲಿ ಏಳು.

ಶಿವಾನಿ ಇದನ್ನು ಕೆಲಸದವರಿಗೆ ಬಿಡಿಸಿ ಹೇಳಿದರಂತೆ. ಹೊಟ್ಟೆ ತುಂಬಿದ ಹುಳ ಬೇಗ ಬಲಿತು, ಗೂಡು ಕಟ್ಟಿ, ಕೋಶವಾಗುತ್ತದೆ. ಕೋಶದ ತಂಟೆಗೆ ಆ ಕೀಟ ಅಷ್ಟಾಗಿ ಹೋಗುವುದಿಲ್ಲ. ಅನ್ನ ಹಿಡಿಸದ ಹುಳ ಬಲಿಯದೆ, ಕೀಟಕ್ಕೆ ಬೇಕಾದ ಪ್ರಾಯದಲ್ಲೇ ವಾರಗಟ್ಟಲೆ ನಿಂತುಬಿಡುತ್ತದೆ. ಅಷ್ಟರಲ್ಲಿ ಕೀಟದ ಮರಿಗಳು ಬಲಿತು, ಅವೂ ಚುಚ್ಚಲು ಶುರುಮಾಡುತ್ತವೆ. ನನ್ನ ಜೊತೆ ಮಾತಾಡುವಾಗ ಶಿವಾನಿ ಇನ್ನೊಂದು ವಿವರ ಸೇರಿಸಿದರು: ಬಡ ಹುಳವನ್ನು ಹೀರಿ ಬೆಳೆದ ಕೀಟಗಳೂ ಬಡವೇ, ಸಣ್ಣವೇ. "ಒಂದೊಂದೇ ಬಂದಿದ್ರೆ ಹುಳ ತಡ್ಕೊಳ್ತಿತ್ತು ಮೇಡಂ. ಎರಡೂ ಒಟ್ಟಿಗೆ ಬಂದಾಗ ಕೂಡೋ ಲೆಕ್ಕ ಅಲ್ಲ ಅದು."

ಬಸಕ್ಕನವರಿಗೆ ಅರ್ಥವಾಗಲು ಏಳು ಎಂಬ ಸಂಖ್ಯೆಯೇ ಸಾಕಾಯಿತು. ಬೇವು ಇಲ್ಲದಿದ್ದರೆ ಬಾಗಿಲು ತೆರೆದಿಟ್ಟ ಮೇಲೂ ಅರ್ಧ ಬೇಸಿನ್ ಉಳಿಯುತ್ತಿದ್ದವು. ಅರ್ಧ ಉಳಿದಿದ್ದರೆ ಹನುಮೇಶ ಬೈಸಿಕೊಂಡು ಕೆಲಸದಲ್ಲಿ ಇರುತ್ತಿದ್ದರು. ಆದರೂ ಅವರು ಒಂದೂವರೆ ವರ್ಷ ಹೇಳಲಿಲ್ಲ. ಕಾರಣ ಕೇಳಿದಾಗ, ಆ ದಿನ ಹಲಗೆ ತೊಳೆಯುವುದಿತ್ತು ಎಂದರು. ಆ ಉತ್ತರವನ್ನು ಹಾಗೆಯೇ ಬರೆದುಕೊಂಡಿದ್ದೇನೆ.

ಹನುಮೇಶ ಸರ್ಜಾಪುರದ ಕಡೆ ಹೋದರೆಂದು ಮಾತ್ರ ಬಸಕ್ಕನವರಿಗೆ ಗೊತ್ತಿತ್ತು. ವಿಳಾಸ ಸಿಗಲು ನಾಲ್ಕು ವಾರ ಬೇಕಾದವು. ಅಲ್ಲಿ ಹೊಸ ಬಡಾವಣೆಯೊಂದರ ಗೇಟಿನಲ್ಲಿ ಅವರು ಸೆಕ್ಯುರಿಟಿ. ೨೦೨೫ರ ಜನವರಿ ೧೨ರ ಭಾನುವಾರ, ಅವರ ಪಾಳಿ ಶುರುವಾಗುವ ಮೊದಲು, ಗೇಟಿನ ಎದುರಿನ ಚಹಾದಂಗಡಿಯಲ್ಲಿ ಕುಳಿತೆವು. ಬಸಕ್ಕನವರ ಒಪ್ಪಿಗೆಯಿಂದ ಅವರ ಮಾತಿನ ಹನ್ನೆರಡು ನಿಮಿಷಗಳನ್ನು ಕೇಳಿಸಿದೆ. ಇಯರ್‌ಫೋನನ್ನು ಅವರು ಕಿವಿಗೆ ಒತ್ತಿ ಹಿಡಿದಿದ್ದರು. ರಾಮಯ್ಯನವರ ಮಾತು ಬಂದಾಗ ಮುಖ ಸಡಿಲವಾಯಿತು. ಬೇವಿನೆಲೆಯ ಮಾತು ಬಂದಾಗ ಇನ್ನೊಮ್ಮೆ ಹಾಕಿ ಎಂದು ಸನ್ನೆ ಮಾಡಿದರು.

ಮುಗಿದ ಮೇಲೆ ಮೊದಲು ಹೇಳಿದ್ದು ತಮ್ಮಷ್ಟಕ್ಕೆ ತಾವೇ ಹೇಳಿಕೊಂಡಂತಿತ್ತು. "ಹಂಗಾದ್ರ ನಾ ಒಬ್ನ ಅಲ್ಲ."

ಎರಡು ವರ್ಷಗಳಿಂದ ಅವರು ಬಾಗಿಲುಗಳ ಬಗ್ಗೆ ಎಷ್ಟು ಎಚ್ಚರದಲ್ಲಿದ್ದಾರೆಂದರೆ, ಬಡಾವಣೆಯವರು ಅದಕ್ಕಾಗಿ ಅವರನ್ನು ಮೆಚ್ಚಿದ್ದಾರೆ. ಮನೆಯಲ್ಲಿ ಹೆಂಡತಿ ನಗುತ್ತಾರಂತೆ; ಒಂದು ಬಾಗಿಲನ್ನು ಮೂರು ಸಲ ಎಳೆದು ನೋಡುತ್ತಾರೆಂದು. ಇದನ್ನು ಹೇಳುತ್ತಾ ಅವರೂ ನಕ್ಕರು. ಆಮೇಲೆ ಲೋಟ ಕೆಳಗಿಟ್ಟು ಕೇಳಿದರು.

"ಅಕ್ಕಗ ಯಾವಾಗ ಗೊತ್ತಾತಂತ್ರಿ, ಬೇವಿನೆಲಿದು?"

ಧ್ವನಿಮುದ್ರಣದಲ್ಲಿ ಉತ್ತರ ಇತ್ತು. ಅವರು ಕೇಳಿದ ಹನ್ನೆರಡು ನಿಮಿಷದಲ್ಲಿ ಇರಲಿಲ್ಲ. ಮುಚ್ಚಿಡುವ ಹಕ್ಕು ನನಗಿರಲಿಲ್ಲ. ಸೆಪ್ಟೆಂಬರ್ ಮೂರನೆಯ ವಾರ ಎಂದೆ.

"ಅಂದ್ರ ನಾ ಬಾಗಲಾ ತೆಗ್ಯೂ ಮೊದ್ಲ."

ಹೌದೆಂದೆ.

"ಸಾಹೇಬ್ರು ನಿಲ್ಸಿ ಕೇಳಿದ ದಿನ ಆಕಿಗೆ ಗೊತ್ತಿತ್ತು."

ಅದಕ್ಕೂ ಹೌದೆಂದೆ. ಅವರು ರೆಕಾರ್ಡರ್ ನಿಲ್ಲಿಸಲು ಹೇಳಿದರು. ನಿಲ್ಲಿಸಿದ ಮೇಲೆ ಆಡಿದ ಮಾತುಗಳನ್ನು ಬರೆಯುವುದು ನನ್ನ ಪದ್ಧತಿಯಲ್ಲ. ಬರೆಯುವಂಥದ್ದು ಹೆಚ್ಚೇನೂ ಇರಲಿಲ್ಲ. ಪಾಳಿಯ ಹೊತ್ತಾಯಿತೆಂದು ಟೋಪಿ ಹಾಕಿಕೊಂಡು ಎದ್ದರು. ಬಸಕ್ಕನವರಿಗೆ ಹೇಳುವುದಿದ್ದರೆ ಹೇಳಿ ಎಂದದ್ದಕ್ಕೆ, ತಲೆಯಾಡಿಸಿದರು. ಅದು ಹೌದೋ ಅಲ್ಲವೋ ಎಂದು ಕ್ಷೇತ್ರ ಟಿಪ್ಪಣಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ.

ಫೆಬ್ರವರಿ ೨ರಂದು ಅದೇ ಕಲ್ಲುಬೆಂಚಿನಲ್ಲಿ ಬಸಕ್ಕನವರಿಗೆ ಇದನ್ನೆಲ್ಲ ಹೇಳಿದೆ. ಅವರು ಸೆರಗಿನಿಂದ ಬಾಯಿ ಒತ್ತಿಕೊಂಡು ಕೇಳಿದರು. ಬರುತ್ತಾನಂತೆಯೋ ಎಂದು ಕೇಳಲಿಲ್ಲ. ಸಿಟ್ಟಿನಲ್ಲಿದ್ದಾನೆಯೋ ಎಂದೂ ಕೇಳಲಿಲ್ಲ.

"ಯಾವಾಗ ಗೊತ್ತಾತು ಅಂತ ಕೇಳಿದ್ನಾ?"

"ಕೇಳಿದ್ರು."

"ಕೇಳೂದ ಅದು. ನಾನಾಗಿದ್ರೂ ಅದನ್ನ ಕೇಳ್ತಿದ್ದೆ." ರೆಕಾರ್ಡರಿನ ಕಡೆ ಕೈ ತೋರಿಸಿ, "ನಿಮ್ಮ ಮಶೀನಿನ್ಯಾಗ ಹೇಳಿದ್ರ ಸಾಲ್ದು ಮೇಡಂ. ಅವನ ಹೆಸರ ಇದ್ದ ಪುಸ್ತಕದಾಗ ಹೇಳ್ಬೇಕು" ಎಂದರು.

ಕೆಲಸಕ್ಕೆ ಕುತ್ತು ಬರಬಹುದೆಂದು ನಾನು ಎಚ್ಚರಿಸಿದೆ, ಎಚ್ಚರಿಸಿದ್ದು ಧ್ವನಿಮುದ್ರಣದಲ್ಲಿದೆ. ಅಂದು ಸಂಜೆ ಯಮನಪ್ಪನವರ ಫೋನಿನಿಂದ ಬಸಕ್ಕ ಶಿವಾನಿಯವರಿಗೆ ಬೇವಿನ ಸಂಗತಿಯನ್ನು ಮೊದಲ ಸಲ ಹೇಳಿದರು. ಶಿವಾನಿ ಆ ವಾರವೇ ವಿಶ್ವನಾಥ್ ಅವರ ಹತ್ತಿರ ಮಾತಾಡಿದರು. ಮುಗಿದ ಕತೆಯನ್ನು ಕೆದಕುವುದೇಕೆ ಎಂಬುದು ಅವರ ಮೊದಲ ಉತ್ತರ. ಬಸಕ್ಕನವರು ಮೇಜಿನ ಮುಂದೆ ಬಂದು ನಿಂತು ಮತ್ತೆ ಕೇಳಿದಾಗ, ಪುಸ್ತಕ ತರಿಸಿದರು. ಬರೆದದ್ದು ಶಿವಾನಿ; ಸಹಿ ಬಸಕ್ಕನವರದು. ಸಹಿಯಾದ ಮೇಲೆ ವಿಶ್ವನಾಥ್ ಅವರು ಗಟ್ಟಿಯಾಗಿ ಏನೂ ಅನ್ನಲಿಲ್ಲವೆಂದು ಶಿವಾನಿ ಹೇಳುತ್ತಾರೆ. ಇಷ್ಟು ಕೆಮ್ಮು ಇಟ್ಟುಕೊಂಡು ಪುಡಿಯಲ್ಲಿ ಯಾಕಮ್ಮ ದುಡೀತೀಯಾ, ನಾಳೆಯಿಂದ ಮನೆಯಲ್ಲಿರು ಎಂದರಂತೆ.

ದಾಖಲೆ: ೨೦೨೫ರ ಫೆಬ್ರವರಿ ೧೦, ಸೋಮವಾರ. ೨೦೨೨ರ ಬೇಸಿನ್ ಪುಸ್ತಕದ ನೂರಹದಿನಾಲ್ಕನೆಯ ಪುಟದಲ್ಲಿ, ಹನುಮೇಶ ಎಂಬ ಹೆಸರಿನ ಕೆಳಗೆ, "ಜೋಳದಲ್ಲಿ ಬೇವಿನೆಲೆ ಇತ್ತು. ಹಾಕಿದವರು ಬಸಕ್ಕ" ಎಂಬ ಸಾಲು ಸೇರಿತು. ಘಟಕದ ಹಾಜರಿ ಪುಸ್ತಕದಲ್ಲಿ ಬಸಕ್ಕ ಅವರ ಕೊನೆಯ ಸಹಿಯೂ ಅದೇ ದಿನದ್ದು.